ಇನ್ನೂರ ಹದಿನಾಲ್ಕನೇ ಅಳತೆ

ಫಹಾಹೀಲಿನ ಮೀನುಪೇಟೆಯ ಹಿಂದೆ
ಮೂರು ಮೆಷಿನ್ನಿನ ಅಂಗಡಿ ನನ್ನದು.
ಹೊರಗೆ ಬೋರ್ಡು ಅರಬಿ, ಒಳಗೆ ಪುಸ್ತಕ ಕನ್ನಡ.
ಮುಲ್ಕಿಯಲ್ಲಿ ಐತಪ್ಪ ಮಾಸ್ತರರು
ಬೆತ್ತ ಹಿಡಿದು ಕಲಿಸಿದ ಅಂಕಿ;
ಈ ಕೈಗೆ ಬೇರೆ ಬರುವುದಿಲ್ಲ.

೨೧೪. ಘಾನಿಮ್. ಮರೀನ್. ಎರಡು ಜೊತೆ.
ಎದೆ ೩೬. ಸೊಂಟ ೨೮.
ತೋಳು ೨೪ ಕಾಲು.
ಎಡಭುಜ ಅರ್ಧ ಇಂಚು ಇಳಿಜಾರು.

ಯಾಕೆ ಇಳಿಜಾರು ಅಂದೆ. ನಕ್ಕ.
ಅಜ್ಜನ ದೋಣಿಯಲ್ಲಿ ಸಣ್ಣಂದಿನಿಂದ
ಒಂದೇ ಕಡೆಯ ಹಗ್ಗ ಎಳೆದದ್ದಂತೆ.
ಕಂಕುಳಿಗೆ ಪಟ್ಟಿ ಹಾಕಿದರೆ ಕಚಗುಳಿ ಅವನಿಗೆ,
ನಿಂತಲ್ಲಿ ನಿಲ್ಲುವವನಲ್ಲ.
ಬಾಗಿಲಲ್ಲಿ ಕೂತ ತಾಯಿ ಗದರಿದಳು.
ನನಗೆ ಹೇಳಿದಳು: ಕಾಲಿನ ಕೆಳಗೆ ಬಟ್ಟೆ ಬಿಡು,
ಹತ್ತೊಂಬತ್ತು ಅಷ್ಟೇ, ಇನ್ನೂ ಬೆಳೆಯುತ್ತಾನೆ.
ಎರಡು ಇಂಚು ಒಳಗೆ ಮಡಚಿದೆ.

ಒಂದು ಜೊತೆ ಒಯ್ದ. ಇನ್ನೊಂದಕ್ಕೆ ಗುಂಡಿ ಬಾಕಿ.
ಗುರುವಾರ ಬರುತ್ತೇನೆ ಅಂದ.

ಆ ಗುರುವಾರ ಬೆಳಕು ಹರಿಯುವಾಗ ಟ್ಯಾಂಕು ಬಂತು.
ಕಡಲ ಕಡೆ ದಿನವಿಡೀ ಸದ್ದು.
ಸಣ್ಣ ದೋಣಿಯಂತೆ, ಏಳು ಹುಡುಗರಂತೆ,
ಬಂದರಿನ ಬಾಯಿ ದಾಟುವ ಮೊದಲೇ ಉರಿಯಿತು ಅಂದ ಒಬ್ಬ.
ಇಲ್ಲ, ದಾಟಿತ್ತು, ಆಮೇಲೆ, ಅಂದ ಇನ್ನೊಬ್ಬ.
ಕಂಡವರು ಯಾರೂ ಇಲ್ಲ, ಹೇಳುವವರು ತುಂಬ.

ನಾನು ಕಂಡದ್ದು ಬೇರೆ.
ಪಕ್ಕದ ಗಲ್ಲಿಯ ಇಸ್ತ್ರಿಯವನ ಗಂಟಿನಲ್ಲಿ
ಸಿಪಾಯಿ ಟೊಪ್ಪಿಯೊಂದು ಸಿಕ್ಕಿತು;
ಅವನನ್ನು ಗೋಡೆಗೆ ನಿಲ್ಲಿಸಿದರು.

ಅವತ್ತು ರಾತ್ರಿ ದೀಪ ಹಚ್ಚದೆ
ಬ್ಲೇಡು ಹಿಡಿದು ಕೂತೆ.
ಮೊದಲು ತೋಳು ಕಳಚಿದೆ,
ಆಮೇಲೆ ಕಾಲರು,
ಆ ಎಡಭುಜ, ತಿದ್ದಿ ತಿದ್ದಿ ನಾನೇ ಕೂರಿಸಿದ್ದು,
ಅದಕ್ಕೆ ಹೊತ್ತು ಹಿಡಿಯಿತು.
ತುಂಡುಗಳನ್ನು ದಿಂಬಿಗೆ ತುಂಬಿ
ಏಳು ತಿಂಗಳು ಅದರ ಮೇಲೆ ತಲೆಯಿಟ್ಟೆ.
ನಿದ್ದೆಯೂ ಬಂತು, ಸುಳ್ಳು ಯಾಕೆ.

ಪುಸ್ತಕ ಕಪಾಟಿನಲ್ಲೇ ಇತ್ತು.
ಬಂದವರು ತಿರುವಿ ನೋಡಿದರು, ಉಲ್ಟಾ ಹಿಡಿದು.
ಏನಿದು ಅಂದರು. ಬಟ್ಟೆ ಅಂದೆ.
ಮಾಸ್ತರರ ಬೆತ್ತ ಅವತ್ತು ನನ್ನನ್ನು ಕಾಯಿತು.

ಎಣ್ಣೆಬಾವಿ ಉರಿಯುತ್ತಿದ್ದ ಮಾರ್ಚಿನಲ್ಲಿ
ಮಟಮಟ ಮಧ್ಯಾಹ್ನ ಟಾರ್ಚು ಹಿಡಿದು ಆಕೆ ಬಂದಳು.
ಮನೆ ಲೂಟಿಯಾಗಿತ್ತು, ಫೋಟೋ ಒಂದೂ ಉಳಿದಿರಲಿಲ್ಲ.
ಮೂಗಿನ ಸುತ್ತ ಮಸಿ. ನನಗೂ.
ಆ ಇನ್ನೊಂದು ಜೊತೆ, ಅಂದಳು.

ದಿಂಬು ಸೀಳಿ ಮೇಜಿನ ಮೇಲೆ ಹರವಿದೆ.
ಆಕೆ ಮುಟ್ಟಲಿಲ್ಲ.
ಸಂಜೆಯೊಳಗೆ ಹೊಲಿದು ಕೊಡುತ್ತೇನೆ ಅಮ್ಮಾ, ಅಂದೆ.
ಬೇಡ. ಪುಸ್ತಕ ತೆಗೆ.

ಅರಬಿಯಲ್ಲಿ ತಡವರಿಸಿದೆ.
ಬರೆದ ಹಾಗೇ ಓದು ಅಂದಳು.
ಎದೆ ಮೂವತ್ತಾರು, ನನ್ನ ಎದೆ ಮುಟ್ಟಿಕೊಂಡೆ.
ಸೊಂಟ ಇಪ್ಪತ್ತೆಂಟು, ಸೊಂಟ ಮುಟ್ಟಿಕೊಂಡೆ.
ಎಡಭುಜಕ್ಕೆ ಬಂದಾಗ
ನಾನು ತೋರಿಸುವ ಮೊದಲೇ
ಆಕೆಯ ಎಡಭುಜ ತಾನಾಗಿ ಇಳಿದಿತ್ತು.

ವರ್ಷಕ್ಕೊಮ್ಮೆ ಬರುತ್ತಾಳೆ, ಬಟ್ಟೆ ತರುವುದಿಲ್ಲ.
ಮರಳಿನಡಿಯಿಂದ ಎಲುಬು ತಂದಾಗೆಲ್ಲ
ಆಕೆಯ ರಕ್ತ ತೆಗೆದರು, ಮೂರು ಸಲ.
ಬೇರೆಯವರ ಮಕ್ಕಳು ಸಿಕ್ಕರು.
ಆ ಮನೆಗಳಿಗೆಲ್ಲ ಹೋಗಿ ಕೂತು ಬಂದಳಂತೆ.
ಕಡಲಿನಿಂದ ಯಾರೂ ಏನೂ ತರಲಿಲ್ಲ.

ಈಗ ಇಂಚುಪಟ್ಟಿಯ ಅಂಕಿ ನನಗೆ ಕಾಣುವುದಿಲ್ಲ,
ಪುಸ್ತಕ ನೋಡದೆಯೇ ಓದುತ್ತೇನೆ.
ಈ ಸಲ ಚಹಾ ಮುಗಿಸಿ ಏಳುವಾಗ ಕೇಳಿದಳು:
ಕಾಲಿನ ಕೆಳಗಿನದು? ಅದನ್ನೂ ಬಿಚ್ಚಿದೆಯಾ?

ಡಬ್ಬ ಇಳಿಸಿ ಹುಡುಕಿದೆ.
ಇಲ್ಲ. ಅಷ್ಟು ಹೊತ್ತಿಗೆ ಬ್ಲೇಡು ಮೊಂಡಾಗಿತ್ತು.
ಎರಡು ಇಂಚು
ಇನ್ನೂ ಒಳಗೇ ಇದೆ.