ತಾಟು

ಅಪ್ಪ ರಿಬಂದರದ ರಸ್ತೆಗೆ ಡಾಂಬರು ಸುರಿಯೂವಾಗ
ನಾನು ಊಟದ ತಾಟು ಎರಡೂ ಕೈಲೆ ಹಿಡಿದು
ಫೆರ್ರಿ ತಿರುವತಿದ್ದೆ.
ಮರಳ ಗುಡ್ಡಿ ಮ್ಯಾಲ ಕೂತು, ಭೋಂ ಅಂತ,
ತಮ್ಮನ್ನ, ಒಂದು ಕೋಳೀನ, ಖಾಲಿ ಡಬ್ಬೀನ
ಆಚಿ ದಂಡಿಗೆ ಮುಟ್ಟಸತಿದ್ದೆ. ರೊಕ್ಕ ಕೇಳತಿರಲಿಲ್ಲ.

"ಹುಡಿಗ್ಯಾರು ದೋಣಿ ನಡಸತಾರೇನು?" ಅಂದಳು ಅವ್ವ,
ತಾಟು ಕಸಗೊಂಡು ಅನ್ನ ಹಾಕಿದಳು.

ಈಗ ನಲವತ್ಮೂರು. ಕಿಡ್ನಿ ಎರಡೂ ರಜಾ ಹಾಕ್ಯಾವ.
ಮಂಗಳವಾರ, ಗುರುವಾರ, ಶನಿವಾರ
ಚೋಡಣದಿಂದ ಮೊದಲನೇ ಫೆರ್ರಿ ಹತ್ತತೀನಿ,
ನಾಕು ತಾಸು ಮಷೀನಿನ ಮಗ್ಗಲಕ ಮಲಗಿ
ಒಗೆದ ರಕ್ತ ಉಟಗೊಂಡು ಹೊಳ್ಳಿ ಬರತೀನಿ.
ಮಾಂಡವಿ ದಾಟಲಿಕ್ಕೆ ನೆವ ಸಿಕ್ಕಿತು ಅಂತೀನಿ.
ಉಳಿದ ದಿನ ಅದೇ ಫೆರ್ರಿಯಾಗ ನಂದು ಡ್ಯೂಟಿ:
ಸರಪಳಿ ಬಿಚ್ಚೂದು, ಸ್ಕೂಟರಿಗೆ ಜಾಗ ತೋರಸೂದು.
ಎಡಗೈಲೆ ಭಾರ ಎತ್ತಬಾರದು ಅಂದಾರ ಡಾಕ್ಟರು.
ಬಲಗೈ ಬೈಯಂಗಿಲ್ಲ, ಪಾಪ.

ಚುಕ್ಕಾಣಿ ಪರೀಕ್ಷಾಕ್ಕ ಎರಡು ಸಲ ಹೆಸರು ಕೊಟ್ಟೆ.
ಒಮ್ಮೆ ನಪಾಸು. ಒಮ್ಮೆ ಆಸ್ಪತ್ರಿ.

ನಿನ್ನೆ ಸಂಜಿ ಭರತಿ ನಿಂತಿತ್ತು, ಇಳಿತ ಇನ್ನೂ ಹಿಡಿದಿರಲಿಲ್ಲ.
ಎರಡು ಸ್ಕೂಟರು, ಮೀನಿನ ಬುಟ್ಟಿ, ಒಂದು ನಾಯಿ.
ಇನಾಸ್ ಬಾಬ್ ಕೆಮ್ಮಿದ, ಎದ್ದ,
ಬೀಡಿ ಹುಡುಕಿದಂಗ ಮಾಡಿದ:
"ಹುಲಿಗೆವ್ವಾ, ಒಂದೀಟು ಹಿಡಿ."

ಅಯ್ಯ, ಇಷ್ಟ ಸಣ್ಣದಾ!
ನಮ್ಮ ತಾಟೇ ದೊಡ್ಡದಿತ್ತು.

ಹೊಳಿ ಮಾತ್ರ ಅಳತಿಗೆ ಸರಿ ಇತ್ತು.
ಎಡ ಮೊಣಕೈ ಹತ್ರ, ಸೂಜಿ ಚುಚ್ಚೂ ಜಾಗದಾಗ,
ಹಗಲೂ ರಾತ್ರಿ ಜುಮುಜುಮು ಹರಿಯೂ ನರ ಐತಿ.
ಅದು, ಕೆಳಗಿನ ಇಂಜಿನ್ನು,
ಒಂದ ಸುರದಾಗ ಗುಂಯ್ ಅನ್ನಾಕತ್ತಿದ್ದವು.
ನಾಯಿ ಒಮ್ಮೆ ತಲಿ ಎತ್ತಿ ನನ್ನ ನೋಡಿ
ಮತ್ತ ಮಲಗಿತು.