ಎರಡನೆಯ ಸಾಲು

ಮೊದಲ ಸಾಲು ಹೆಸರು: ದಪ್ಪ ಅಕ್ಷರ, ಹಳದಿ.
ಎರಡನೆಯದು ಆವಾಸ: ಬಿಳಿ.
ಆಹಾರ ಮೂರನೆಯದು, ತಗಡಿನಲ್ಲಿ ಜಾಗ ಉಳಿದರೆ.
ಮೈಸೂರಿನ ಝೂಗೆ ಮೂವತ್ತೊಂದು ವರ್ಷ
ಬೋರ್ಡು ಬರೆದವನು ನಾನು.
ದಸ್ತಗೀರ್ ಮೇಸ್ತ್ರಿ ತಿದ್ದಿದ ಕೈ.
‘ಒತ್ತಕ್ಷರಕ್ಕೆ ಉಸಿರಾಡಲು ಬಿಡೋ,
ಬೋನಿನೊಳಗಿರುವುದು ಚಿರತೆ ಒಂದೇ ಸಾಕು.’

ಜಿರಾಫೆಗೆ ಆಫ್ರಿಕಾದ ಹುಲ್ಲುಗಾವಲು ಬರೆದೆ,
ಹಿಮಕರಡಿಗೆ ಮಂಜು.
ನಾನು ಕಂಡ ಮಂಜು ಇಟ್ಟಿಗೆಗೂಡಿನ ಐಸ್‌ಕ್ಯಾಂಡಿ ಗಾಡಿಯದು.
ರಾತ್ರಿ ಸಿಂಹ ಗುಡುಗಿದರೆ
ಬೀದಿಯ ನಾಯಿಗಳು ಸುಮ್ಮನಾಗುತ್ತಿದ್ದವು,
ತೊಟ್ಟಿಲ ಮಗಳು ಮಾತ್ರ ಹೊರಳಿ ಮಲಗುತ್ತಿದ್ದಳು.

ಆ ವರ್ಷ ಬಂದದ್ದು ಕಾಡುಪಾಪದ ಬೋರ್ಡು.
‘ಒಣ ಎಲೆಯುದುರುವ ಕಾಡು, ಕುರುಚಲು’ ಅಂತ
ಆಫೀಸಿನ ಚೀಟಿ.
ಅರ್ಧ ಬರೆದು, ಬ್ರಷ್ಷು ಸೀಮೆಎಣ್ಣೆಯಲ್ಲಿ ಅದ್ದಿಟ್ಟು
ಹೆಂಡತಿಯ ದೊಡ್ಡಮ್ಮನ ಊರು ಹಲಗೂರಿಗೆ ಹೋದೆ,
ಒಂದು ಕೂಸಿಗೆ ಹೆಸರಿಡುವ ಶಾಸ್ತ್ರಕ್ಕೆ.

ರಾತ್ರಿ ಹನ್ನೊಂದಕ್ಕೆ ತ್ರೀಫೇಸ್ ಕರೆಂಟು ಬಂತು.
ಸಾಕವ್ವ ಮೋಟರು ಹಾಕಲು ಎದ್ದಳು,
ಬ್ಯಾಟರಿಯ ಬಾಯಿಗೆ ಕೆಂಪು ರವಿಕೆಯ ಚೂರು ಕಟ್ಟಿದಳು.
‘ಯಾಕವ್ವ ಅದು?’
‘ಬಿಳೀ ಬೆಳಕು ಅದರ ಕಣ್ಣಿಗೆ ಒತ್ತದೆ ಕಣಪ್ಪ. ಬಾ, ಮಾತಾಡ್ಬ್ಯಾಡ.’

ಕಾರೆಮುಳ್ಳಿನ ಬೇಲಿ. ಕತ್ತಾಳೆ, ಕಳ್ಳಿ, ತೊಂಡೆಬಳ್ಳಿ.
ಅದರೊಳಗೆ ಎರಡು ಕೆಂಡ.
ಕೆಂಡದ ಹಿಂದೆ ಒಂದು ಹಿಡಿ ಮೈ,
ಕಡ್ಡಿ ಕಾಲು, ಕಡ್ಡಿ ಕೈ,
ಬಾಲ ಬರೆಯುವುದನ್ನೇ ಯಾರೋ ಮರೆತಿದ್ದರು.
ನಡೆಯಿತು ನೋಡಿ,
ಮೊದಲ ಸಲ ಅ ತಿದ್ದುವ ಮಗುವಿನ ಹಾಗೆ
ಬಳಪ ಎತ್ತದೆ, ಒಂದೇ ಗೀಟಿನಲ್ಲಿ,
ಈ ಮುಳ್ಳಿಂದ ಆ ಮುಳ್ಳಿಗೆ.
ಆಮೇಲೆ ತಟ್ಟನೆ ಕೈ ಚಾಚಿ
ಒಂದು ಮಿಡತೆಯನ್ನು ಗಾಳಿಯಿಂದಲೇ ಕಿತ್ತುಕೊಂಡಿತು.

‘ಹಗಲೊತ್ತು ಮುದ್ದೆ ಥರ ಸುತ್ಕೊಂಡು ಮಲಗಿರ್ತದೆ,
ಹುಣಸೇಮರದ ಸಂದೀಲಿ.’
ಕಾಲುವೆಯ ಏರಿಯ ಮೇಲೆ ಕೂತು
ಅವಳು ಉಳಿದವರನ್ನೂ ಪರಿಚಯಿಸಿದಳು,
ಬೀಗರ ಮನೆಯವರನ್ನು ಹೇಳಿದಂತೆ.

ಬಾರೆಯ ಹುತ್ತ ಬಗೆದದ್ದು ಚಿಪ್ಪುಹಂದಿ.
ಮರಿ ಬಾಲದ ಮೇಲೆ ಕೂತು ಸವಾರಿ ಹೋಗುತ್ತದೆ.
ಚಿಪ್ಪಿಗೆ ಗಿರಾಕಿಗಳು ಕಾರಿನಲ್ಲಿ ಬಂದಿದ್ದರಂತೆ,
‘ಅದು ಹಾವಿನ ಹುತ್ತ ಅಂತಂದು ಅರಿಶಿನ ಕುಂಕುಮ ಬಳಿದ್ಬುಟ್ಟೆ.’
ಶಿಂಷಾ ಮಡುವಿನಲ್ಲಿ ನೀರುನಾಯಿಗಳು,
ಬಲೆ ಹರಿದು ಮೀನು ತಿಂದು
ಬಂಡೆಯ ಮೇಲೆ ಇಡೀ ಸಂಸಾರ ಮೈ ಒಣಗಿಸುತ್ತವೆ.
ಬಲೆಯವನು ಬೈಯುತ್ತಾನೆ, ಕಲ್ಲು ಎತ್ತುವುದಿಲ್ಲ.
ತರಕರಡಿ? ಮುತ್ತತ್ತಿ ಕಡೆಯ ಕಾಡಿನದು, ಜೇನು ಕೀಳುವಂಥದು.
ಅವಳೂ ಕಂಡಿಲ್ಲ.
‘ಕಾಣ್ದಿದ್ರೇನು? ಅದರ ಪಾಡಿಗೆ ಅದಿರ್ಲಿ.’

ಅಂಗಳದಲ್ಲಿ ತಂತಿಬೇಲಿಯ ಸುರುಳಿ ಬಂದು ಬಿದ್ದಿತ್ತು.
ಮಗ ದುಡ್ಡು ಕಟ್ಟಿಯಾಗಿತ್ತು.
ಅದರ ಮಾತು ಅವಳೂ ಎತ್ತಲಿಲ್ಲ, ನಾನೂ.

ಮೈಸೂರಿಗೆ ಬಂದವನೇ
ಚೀಟಿ ಮಡಿಸಿ ಜೇಬಿಗಿಟ್ಟು ಎರಡನೆಯ ಸಾಲು ಬರೆದೆ:
‘ಆವಾಸ: ಹಲಗೂರು, ಸಾಕವ್ವನ ಬೇಲಿ.’
ಅಷ್ಟು ಚೆಂದದ ವ ಒತ್ತು ನನ್ನ ಕೈಗೆ ಹಿಂದೆಂದೂ ಬಂದಿರಲಿಲ್ಲ.

ಬೈಯುತ್ತಾರೆ ಅಂದುಕೊಂಡಿದ್ದೆ.
ಸಾಹೇಬರು ಬಹಳ ಹೊತ್ತು ನೋಡಿ ಮೆಲ್ಲಗೆ ಅಂದರು,
‘ಕಳ್ಳರಿಗೂ ಓದಲು ಬರುತ್ತಲ್ರೀ.’

ಉಪ್ಪುಕಾಗದ ಹಿಡಿದು ನಾನೇ ಉಜ್ಜಿದೆ.
ಎಣ್ಣೆಬಣ್ಣ ಸುಲಭಕ್ಕೆ ಹೋಗುವುದಿಲ್ಲ.
ಇಳಿಬಿಸಿಲಿಗೆ ತಗಡು ಓರೆ ಹಿಡಿದರೆ
ಉಬ್ಬಿದ ಅಕ್ಷರ ಮತ್ತೆ ಕಾಣುತ್ತಿತ್ತು.
ಮತ್ತೆ ಉಜ್ಜಿದೆ, ಉಗುರು ಬಿಳಿಯಾಗುವವರೆಗೆ.

ಈಗ ಅಲ್ಲಿರುವುದು ‘ಒಣ ಕಾಡು, ಕುರುಚಲು.’
ಮಕ್ಕಳು ಓದಿ, ಜಿರಾಫೆಯತ್ತ ಓಡುತ್ತವೆ.

ಹುಣಸೆಮರದ ಬಳಿ ಎಂಟು ಮಾರು ಬೇಲಿ
ಬಿಡಿಸಿಕೊಂಡಿದ್ದೇನೆ ಅಂತ ಫೋನು ಮಾಡಿದ್ದಳು ಮುದುಕಿ.
ಹುಡುಕಿಕೊಂಡು ಹೋಗಬೇಡಿ.
ಆ ಊರು ಹಲಗೂರಲ್ಲ.
ಅವಳ ಹೆಸರೂ ಸಾಕವ್ವ ಅಲ್ಲ.