ಸೊಹಾರ್‌ನ ವರದಿ

ಸಭೆಯವರೇ, ಕೂತುಕೊಳ್ಳಿ. ಯಾರಾದರೂ ಫ್ಯಾನು ಹಾಕಿ.
ದೇವಪುತ್ರ ಮಾಸ್ತರು ಮೊದಲು ಕೇಳಿದ್ದಕ್ಕೇ ಉತ್ತರ:
ಮುನ್ನೂರು ಕರಪತ್ರ ಕೊಟ್ಟಿದ್ದಿರಿ, ತಗೊಳ್ಳಿ ಮುನ್ನೂರು.
ಬೇಕಾದರೆ ಎಣಿಸಿಕೊಳ್ಳಿ.
ಸೀರೆಗಳ ಅಡಿಗೆ ಹೋದವು,
ಅಡಿಯಲ್ಲೇ ಬಂದವು, ನುಸಿಗುಳಿಗೆಯ ವಾಸನೆ ಹಿಡಿದು.

ಒಮಾನಿನಲ್ಲಿ ಇಳಿದ ರಾತ್ರಿಯೇ ಬೇಬಿಚ್ಚನ್ ಹೇಳಿದ,
ವ್ಯಾನಿನ ಕನ್ನಡಿಯಲ್ಲಿ ನಮ್ಮನ್ನು ನೋಡುತ್ತ:
ಚರ್ಚಿನ ಗೋಡೆಯೊಳಗೆ ಎಷ್ಟು ಬೇಕಾದರೂ ಹಾಡಿ.
ಗೋಡೆ ದಾಟಿದ ಮೇಲೆ
ಕೈಯಿಂದ ಏನಾದರೂ ಮಾಡಿ,
ಬಾಯಿಂದ ಹೆಸರೆತ್ತಬೇಡಿ.
ಮೂವತ್ತೊಂದು ವರ್ಷ ನರ್ಸಾಗಿದ್ದವಳು,
ಕೈಗೆ ಹೇಳಿಕೊಡಬೇಕಾಗಿರಲಿಲ್ಲ.
ಬಾಯಿಗೇ ಕಷ್ಟವಾಯಿತು.

ಶುಕ್ರವಾರ. ಬಂದರಿನ ಹಿಂದಿನ ಕ್ಯಾಂಪು.
ಕೋಣೆಗೆ ಹನ್ನೆರಡು ಮಂಚ, ಮಂಚಕ್ಕೊಂದು ಪರದೆ:
ಲುಂಗಿ, ಬೆಡ್‌ಶೀಟು, ಒಂದಕ್ಕೆ ಸಿಮೆಂಟು ಕಂಪನಿಯ ಬ್ಯಾನರು.
ನೀಲಿ ಪ್ಲಾಸ್ಟಿಕ್ ಟಬ್ಬು, ಬಿಸಿನೀರು, ಉಪ್ಪು.
ಮನಿಲಾದ ಹುಡುಗಿ ಲಿಗಾಯ ಟವೆಲ್ಲು ಹಿಡಿದು ಮೇಲೆ,
ನಾನು ಕೆಳಗೆ.
ಕಾಲುಗಳು ಬಂದವು.

ಕಾಲು ಅಂದರೆ,
ಎರಡು ನಂಬರು ಚಿಕ್ಕ ಬೂಟಿನೊಳಗೆ
ಹದಿನಾಲ್ಕು ತಾಸು ಬೆಂದದ್ದು.
ಸಾಕ್ಸು ಎಲ್ಲಿ ಮುಗಿಯಿತು, ಚರ್ಮ ಎಲ್ಲಿ ಸುರುವಾಯಿತು,
ನೀರೇ ಬಿಡಿಸಿ ಹೇಳಬೇಕು.
ಸಿಮೆಂಟು ತಿಂದ ಹಿಮ್ಮಡಿಯ ಬಿರುಕಿನಲ್ಲಿ
ಲಿಗಾಯ ಐವತ್ತು ಬೈಸಾದ ನಾಣ್ಯ ನಿಲ್ಲಿಸಿ ತೋರಿಸಿದಳು.
ಎಲ್ಲರೂ ನಕ್ಕರು. ಕಾಲಿನವನೂ ನಕ್ಕ.
ಒಂದೊಂದು ಕಾಲಿಗೆ ಒಂದೊಂದು ಪ್ರಾರ್ಥನೆ,
ಮನಸ್ಸಿನಲ್ಲೇ, ಅಂದುಕೊಂಡಿದ್ದೆ.
ನಾಲ್ಕನೆಯ ಕಾಲಿಗೆ ಮರೆತೆ.
ಬ್ಲೇಡಿನ ಮೇಲೆ ಗಮನವಿತ್ತು.

ಗುಲ್‌ಜಮಾನ್ ಚಾಚಾ ಕಾಲು ಕೊಡಲಿಲ್ಲ.
ಅಕ್ಕನಂಥವಳ ಕೈಗೆ? ತೌಬಾ, ತೌಬಾ.
ಮೂರು ಶುಕ್ರವಾರ ಬಾಗಿಲಲ್ಲೇ ನಿಂತ.
ನಾಲ್ಕನೆಯದಕ್ಕೆ ನಮಾಜು ಮುಗಿಸಿ ಬಂದ,
ತಾನೇ ತೊಳೆದು, ಉಗುರು ತೆಗೆದು, ಅತ್ತರು ಹಚ್ಚಿ.
ಕಾಲು ಇಟ್ಟು ಮುಖವನ್ನು ಗೋಡೆಗೆ ತಿರುಗಿಸಿದ.
ನಾನೂ ತಲೆಯೆತ್ತಲಿಲ್ಲ.
ಆ ರಾತ್ರಿ ಒಬ್ಬ ಬೆಸ್ತ ನೆನಪಾದ,
ಅವನೂ ಮೊದಲು ಕಾಲು ಹಿಂದೆಳೆದುಕೊಂಡವನೇ.
ಲಿಗಾಯಳಿಗೂ ಹೇಳಲಿಲ್ಲ.

ಅವತ್ತೇ ಸಾಲಿನ ಕೊನೆಗೊಬ್ಬ ಹುಡುಗ,
ಸಾಯಬಣ್ಣ, ಶಹಾಪುರದ ಕಡೆಯವ.
ಕಾಲು ನೋಡಿದೆ, ಹೊರಳಿಸಿ ನೋಡಿದೆ. ನೆಟ್ಟಗಿದೆ.
ಏನಾಗ್ಯದೋ ಇದಕ್ಕ?
ಏನೂ ಆಗಿಲ್ಲವ್ವ.
ಮತ್ತ ಒಂದು ತಾಸು ಸಾಲಿನಾಗ ಯಾಕ ನಿಂತಿ?
ಟಬ್ಬಿನೊಳಗೆ ನೋಡುತ್ತ ಅಂದ:
ಆಗಳೆ ಆ ನೇಪಾಳಿಗಿ ಬೈಲಿಕತ್ತಿದ್ದಿ, ಕೇಳ್ದೆ.
ಎರಡು ವರ್ಷಾತು.
ನನಗೂ ಒಂದೀಟು ಬೈ.

ಬೈದೆ, ಸಭೆಯವರೇ.
ಮೂಳ ಅಂದೆ, ಹುಚ್ಚಪ್ಯಾಲಿ ಅಂದೆ,
ಹೊಟ್ಟಿಗಿ ಏನು ತಿಂತಿ, ಮಾರಿ ನೋಡು ಹೆಂಗಾಗ್ಯದ ಅಂದೆ,
ಬೀಡಿ ವಾಸನಿ ಹೊಡಿತದ,
ನಿಮ್ಮವ್ವಗ ಫೋನ್ ಹಚ್ಚಿ ಎಷ್ಟ ದಿನಾತು ಅಂದೆ.
ನೀರು ಆರುವವರೆಗೂ ಬೈದೆ.
ಅವನು ಕಣ್ಣು ಮುಚ್ಚಿ ಕೇಳಿದ.
ಅಯ್ಯನವರ ಪ್ರಸಂಗವನ್ನು ನೀವು ಎಂದೂ
ಹಾಗೆ ಕೇಳಿದವರಲ್ಲ.

ಫಾರಂ ತುಂಬಿದ್ದೇನೆ, ಮಾಸ್ತರೇ.
ಉಪ್ಪು ಒಂಬತ್ತು ಕಿಲೋ. ಬ್ಲೇಡು ನಲವತ್ತು.
ರಕ್ಷಣೆ ಹೊಂದಿದವರು ಎಂಬ ಕಾಲಮ್ಮಿನಲ್ಲಿ ಒಂದು ಗೆರೆ ಎಳೆದೆ,
ಸೊನ್ನೆ ಬರೆಯಲು ಕೈ ಬರಲಿಲ್ಲ.
ಪಾಸ್‌ಪೋರ್ಟು ಕಂಪನಿಯವರ ಹತ್ತಿರ ಇದೆ, ಬಿಡಿಸಿಕೊಡು
ಎಂದು ಕೈ ಹಿಡಿದವನಿಗೆ
ಒಂದು ಡಬ್ಬಿ ವ್ಯಾಸಲೀನು ಕೊಟ್ಟು ಬಂದಿದ್ದೇನೆ.
ಅದನ್ನೂ ಬರೆದುಕೊಳ್ಳಿ.

ಟಬ್ಬು ಅಲ್ಲೇ ಬಿಟ್ಟೆ.
ಮೊನ್ನೆ ಸಾಯಬಣ್ಣ ಫೋನಿನಲ್ಲಿ ಹೇಳಿದ,
ಕ್ಯಾಂಪಿನ ಅಡುಗೆಯವ ಈಗ ಅದರಲ್ಲೇ
ರೊಟ್ಟಿ ಹಿಟ್ಟು ನಾದುತ್ತಾನಂತೆ, ಅರವತ್ತು ಮಂದಿಗೆ.
ಅದಕ್ಕೂ ಬೈದೆ.